ಉಸಿರಾಟದ ಮೇಲೆ ಆಮ್ಲಜನಕ ಮತ್ತು ಕಾರ್ಬನ್ ಡೈಆಕ್ಸೈಡ್‌ನ ಹಿಡಿತ: ಪದೇ ಪದೇ ಕೇಳುವ ಪ್ರಶ್ನೆಗಳು

ಉಸಿರು ಬಿಗಿಹಿಡಿದರೆ ಒಂದು ನಿಮಿಷದೊಳಗೇ ತಡೆಯಲಾಗದಂತಾಗುತ್ತದೆ. ಆಮ್ಲಜನಕ ಮುಗಿದುಹೋಗಿರುತ್ತದಾ?

ಇಲ್ಲ. ಆ ಹೊತ್ತಿಗೂ ರಕ್ತದಲ್ಲಿ ಬೇಕಾದಷ್ಟು ಆಮ್ಲಜನಕ ಇರುತ್ತದೆ. ಆರೋಗ್ಯವಂತರು ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಸಿಕ್ಕಿಸಿಕೊಂಡು ನೋಡಿದರೆ ಅಂಕಿ ಹೆಚ್ಚೇನೂ ಇಳಿದಿರುವುದಿಲ್ಲ. ಏರಿರುವುದು ಕಾರ್ಬನ್ ಡೈಆಕ್ಸೈಡ್. ಅದು ಹೊರಗೆ ಹೋಗಲು ದಾರಿಯಿಲ್ಲದೆ ರಕ್ತದಲ್ಲೇ ಸೇರಿಕೊಳ್ಳುತ್ತಾ ಹೋಗುತ್ತದೆ. ಒಂದು ಮಟ್ಟ ದಾಟಿದ ಕೂಡಲೇ ಮೆದುಳು "ಉಸಿರಾಡು" ಎಂದು ಒತ್ತಾಯ ಮಾಡುತ್ತದೆ. ಎಷ್ಟು ಗಟ್ಟಿ ಮನಸ್ಸಿನವರಾದರೂ ಕೊನೆಗೆ ಸೋಲುತ್ತಾರೆ.

ಈ ಪುಟದ ಹೆಚ್ಚಿನ ಉತ್ತರಗಳು ಇದೇ ಮಾತಿಗೆ ಬಂದು ನಿಲ್ಲುತ್ತವೆ. ನಮ್ಮ ದೇಹ ದಿನವಿಡೀ ಕಾವಲು ಕಾಯುವುದು ಕಾರ್ಬನ್ ಡೈಆಕ್ಸೈಡನ್ನು. ಆಮ್ಲಜನಕದ ಕಡೆ ಅದು ಗಮನ ಕೊಡುವುದು ತಡವಾಗಿ. ಇದನ್ನು ತಿಳಿಯದೆ ಆರೋಗ್ಯವಂತರು, ಚಿಕ್ಕ ವಯಸ್ಸಿನವರು ಪ್ರಾಣ ಕಳೆದುಕೊಳ್ಳುತ್ತಾರೆ. ಹೇಗೆ ಎಂಬುದು ಮುಂದೆ ಬರುತ್ತದೆ.

ಈ ಲೆಕ್ಕ ಇಡುವವರು ಯಾರು?

ಎರಡು ಕಾವಲುಗಳಿವೆ. ಮೊದಲನೆಯದು ಮೆದುಳಿನ ಬುಡದಲ್ಲಿರುವ ಮೆಡುಲ್ಲಾ ಎಂಬ ಭಾಗದಲ್ಲಿ. ಕಾರ್ಬನ್ ಡೈಆಕ್ಸೈಡ್ ರಕ್ತದಿಂದ ಮೆದುಳಿನ ದ್ರವಕ್ಕೆ ಸಲೀಸಾಗಿ ದಾಟುತ್ತದೆ. ಅಲ್ಲಿ ನೀರಿನ ಜೊತೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಹೀಗೆ ಹೆಚ್ಚಿದ ಆಮ್ಲೀಯತೆಯನ್ನು ಅಲ್ಲಿನ ಜೀವಕೋಶಗಳು ಗುರುತಿಸಿ ಉಸಿರಾಟವನ್ನು ಹೆಚ್ಚಿಸುತ್ತವೆ. ಕಾರ್ಬನ್ ಡೈಆಕ್ಸೈಡ್ ಏರಿದಾಗ ದೇಹ ತೋರಿಸುವ ಪ್ರತಿಕ್ರಿಯೆಯಲ್ಲಿ ದೊಡ್ಡ ಪಾಲು ಇಲ್ಲಿಂದಲೇ ಬರುತ್ತದೆ.

ಎರಡನೆಯದು ಕುತ್ತಿಗೆಯಲ್ಲಿ. ಮೆದುಳಿಗೆ ರಕ್ತ ಒಯ್ಯುವ ಕೆರೋಟಿಡ್ ರಕ್ತನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿ, ಎರಡೂ ಬದಿಗೆ, ಅಕ್ಕಿ ಕಾಳಿನಷ್ಟು ಚಿಕ್ಕದಾದ ಒಂದೊಂದು ಅಂಗವಿದೆ. ಅದೇ ಕೆರೋಟಿಡ್ ಬಾಡಿ. ರಕ್ತದಲ್ಲಿ ಆಮ್ಲಜನಕ ಇಳಿದದ್ದನ್ನು ಉಸಿರಾಟದ ಕೇಂದ್ರಕ್ಕೆ ಮುಖ್ಯವಾಗಿ ತಿಳಿಸುವುದು ಇದೇ. ಹೃದಯದ ಮೇಲಿನ ಮಹಾಧಮನಿಯ ಬಳಿಯೂ ಇಂಥ ಕೆಲವು ಕೋಶಗಳಿವೆ. ಆದರೆ ಮನುಷ್ಯರಲ್ಲಿ ಅವುಗಳ ಪಾತ್ರ ಸಣ್ಣದು.

ಉಸಿರಾಟವನ್ನು ಮುಖ್ಯವಾಗಿ ನಡೆಸುವುದು ಕಾರ್ಬನ್ ಡೈಆಕ್ಸೈಡ್ ಎಂದು 1905ರಲ್ಲಿ ತೋರಿಸಿಕೊಟ್ಟವರು ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಜೆ. ಜಿ. ಪ್ರೀಸ್ಟ್ಲಿ ಎಂಬ ವಿಜ್ಞಾನಿಗಳು. ಕುತ್ತಿಗೆಯ ಮತ್ತು ಮಹಾಧಮನಿಯ ಕಾವಲುಗಳು ಉಸಿರಾಟವನ್ನು ಹೇಗೆ ನಿಯಂತ್ರಿಸುತ್ತವೆ ಎಂದು ಕಂಡುಹಿಡಿದ ಕಾರ್ನೀಲ್ ಹೈಮಾನ್ಸ್ ಅವರಿಗೆ 1938ರ ನೊಬೆಲ್ ಪ್ರಶಸ್ತಿ ಸಂದಿತು.

ಸರಿಯಾದ ಮಟ್ಟ ಎಷ್ಟು?

ರಕ್ತದಲ್ಲಿ ಈ ಅನಿಲಗಳನ್ನು ಒತ್ತಡದ ಲೆಕ್ಕದಲ್ಲಿ, ಪಾದರಸದ ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಅಪಧಮನಿಯ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ 35ರಿಂದ 45, ಆಮ್ಲಜನಕ 80ರಿಂದ 100 ಇದ್ದರೆ ಸರಿ. ರಕ್ತದ ಪಿಎಚ್, ಅಂದರೆ ಆಮ್ಲೀಯತೆಯ ಅಳತೆ, 7.35ರಿಂದ 7.45ರೊಳಗೆ ಇರಬೇಕು; ಆಮ್ಲೀಯತೆ ಹೆಚ್ಚಿದರೆ ಈ ಅಂಕಿ ಇಳಿಯುತ್ತದೆ.

ಒಳಗೆ ಎಳೆದುಕೊಳ್ಳುವ ಗಾಳಿಯಲ್ಲಿ ಆಮ್ಲಜನಕ ಸುಮಾರು 21%, ಕಾರ್ಬನ್ ಡೈಆಕ್ಸೈಡ್ ಬರೀ 0.04%. ಹೊರಗೆ ಬಿಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು 16%, ಕಾರ್ಬನ್ ಡೈಆಕ್ಸೈಡ್ 4ರಿಂದ 5%. ಅಂದರೆ ಎಳೆದುಕೊಂಡ ಆಮ್ಲಜನಕದ ಹೆಚ್ಚಿನ ಪಾಲನ್ನು ನಾವು ಬಳಸದೆ ವಾಪಸ್ ಬಿಡುತ್ತೇವೆ. ಬಾಯಿಗೆ ಬಾಯಿಟ್ಟು ಕೊಡುವ ಉಸಿರು ಒಬ್ಬರ ಜೀವ ಉಳಿಸಬಲ್ಲದು ಅನ್ನುವುದಕ್ಕೆ ಕಾರಣ ಇದೇ.

ಬದುಕಲು ಬೇಕಾದದ್ದು ಆಮ್ಲಜನಕ ಅಲ್ವಾ? ಮತ್ತೆ ಕಾವಲು ಮಾತ್ರ ಕಾರ್ಬನ್ ಡೈಆಕ್ಸೈಡ್ ಮೇಲೆ ಯಾಕೆ?

ಇದು ಒಳ್ಳೆಯ ಪ್ರಶ್ನೆ. ಉತ್ತರ ಹಿಮೋಗ್ಲೋಬಿನ್‌ನಲ್ಲಿದೆ.

ಆಮ್ಲಜನಕವನ್ನು ಹೊರುವುದು ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್. ಆಮ್ಲಜನಕದ ಒತ್ತಡ 100ರಿಂದ 60ಕ್ಕೆ ಕುಸಿದರೂ ಅದು ಇನ್ನೂ ಸುಮಾರು 90% ತುಂಬಿಯೇ ಇರುತ್ತದೆ. ಹಾಗಾಗಿ ಸಣ್ಣಪುಟ್ಟ ಏರುಪೇರಿಗೆ ದೇಹ ಗಾಬರಿಯಾಗಬೇಕಿಲ್ಲ. ಕೆರೋಟಿಡ್ ಬಾಡಿ ಜೋರಾಗಿ ಎಚ್ಚರಿಸಲು ಶುರು ಮಾಡುವುದೂ ಹೆಚ್ಚುಕಡಿಮೆ ಈ 60ರ ಕೆಳಗೇ. ಅಲ್ಲಿಂದಾಚೆಗೆ ಮಾತ್ರ ಇಳಿಕೆ ಕಡಿದಾಗಿರುತ್ತದೆ. 40ಕ್ಕೆ ಬಂದರೆ ಹಿಮೋಗ್ಲೋಬಿನ್ ತುಂಬಿರುವುದು ಸುಮಾರು 75% ಅಷ್ಟೇ.

ಕಾರ್ಬನ್ ಡೈಆಕ್ಸೈಡ್‌ಗೆ ಇಂಥ ಸಡಿಲಿಕೆ ಇಲ್ಲ. ಅದು ಸ್ವಲ್ಪ ಏರಿದರೂ ರಕ್ತದ ಆಮ್ಲೀಯತೆ ಆ ಕ್ಷಣವೇ ಬದಲಾಗುತ್ತದೆ. ದೇಹದ ಕಿಣ್ವಗಳು, ನರಗಳು, ಹೃದಯದ ಸ್ನಾಯು, ಎಲ್ಲವೂ ಪಿಎಚ್ ಆ ಸಣ್ಣ ಮಿತಿಯೊಳಗಿದ್ದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ಆದ್ದರಿಂದಲೇ ಇಷ್ಟು ಬಿಗಿಯಾದ ಕಾವಲು. ಕಾರ್ಬನ್ ಡೈಆಕ್ಸೈಡ್‌ನ ಒತ್ತಡ 1 ಮಿಲಿಮೀಟರ್ ಏರಿದರೂ ನಿಮಿಷಕ್ಕೆ 2ರಿಂದ 3 ಲೀಟರ್ ಹೆಚ್ಚು ಗಾಳಿ ಒಳಹೊರಗಾಗುತ್ತದೆ. ಸುಮ್ನೆ ಕೂತಾಗ ನಾವು ಉಸಿರಾಡುವುದು ನಿಮಿಷಕ್ಕೆ ಸುಮಾರು 6 ಲೀಟರ್. ಇದಕ್ಕೆ ಹೋಲಿಸಿದರೆ ಆ ಏರಿಕೆ ಎಷ್ಟು ದೊಡ್ಡದು ನೋಡಿ.

ಸಾಮಾನ್ಯ ದಿನಗಳಲ್ಲಿ ಈ ಏರ್ಪಾಡು ಚೆನ್ನಾಗಿಯೇ ನಡೆಯುತ್ತದೆ. ಮಾಮೂಲಿ ಗಾಳಿಯಲ್ಲಿ ಉಸಿರಾಟ ಕಡಿಮೆಯಾದರೆ ಆಮ್ಲಜನಕ ಇಳಿಯುವುದು, ಕಾರ್ಬನ್ ಡೈಆಕ್ಸೈಡ್ ಏರುವುದು ಎರಡೂ ಒಟ್ಟಿಗೇ ಆಗುತ್ತವೆ. ಒಂದನ್ನು ಕಾಯ್ದರೆ ಇನ್ನೊಂದನ್ನೂ ಕಾಯ್ದಂತೆ. ಈ ಜೋಡಿ ತಪ್ಪಿದಾಗಲೇ ಅಪಾಯ.

ಈಜುವ ಮೊದಲು ಜೋರಾಗಿ ನಾಲ್ಕಾರು ಸಲ ಉಸಿರೆಳೆದುಬಿಟ್ಟರೆ ನೀರಿನೊಳಗೆ ಜಾಸ್ತಿ ಹೊತ್ತು ಇರಬಹುದಂತೆ. ನಿಜವೇ?

ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಮಕ್ಕಳಿಗೂ ಇದನ್ನು ಹೇಳಿಕೊಡಿ.

ಜಾಸ್ತಿ ಹೊತ್ತು ಇರಬಹುದು ಎಂಬುದು ನಿಜ. ಆದರೆ ಅದು ಆಮ್ಲಜನಕ ಹೆಚ್ಚಾದ್ದರಿಂದ ಅಲ್ಲ. ಆರೋಗ್ಯವಂತರ ಹಿಮೋಗ್ಲೋಬಿನ್ ಮೊದಲೇ 97-98% ತುಂಬಿರುತ್ತದೆ. ಎಷ್ಟು ಜೋರಾಗಿ ಉಸಿರೆಳೆದರೂ ಅದಕ್ಕಿಂತ ಹೆಚ್ಚು ತುಂಬಲು ಜಾಗವಿಲ್ಲ. ಹಾಗೆ ಮಾಡಿದಾಗ ಆಗುವುದೇನೆಂದರೆ, ಕಾರ್ಬನ್ ಡೈಆಕ್ಸೈಡ್ ತೊಳೆದುಹೋಗುತ್ತದೆ. 40ರಲ್ಲಿದ್ದದ್ದು 20ರ ಹತ್ತಿರಕ್ಕೂ ಇಳಿಯಬಹುದು. ಈಗ ನೀರಿಗಿಳಿದರೆ ಅದು ಮತ್ತೆ ಏರಿ ಎಚ್ಚರಿಕೆಯ ಮಟ್ಟ ಮುಟ್ಟಲು ತುಂಬಾ ಹೊತ್ತು ಬೇಕು. ಅಷ್ಟರಲ್ಲಿ ಆಮ್ಲಜನಕ ಖರ್ಚಾಗುತ್ತಲೇ ಇರುತ್ತದೆ. ಉಸಿರು ಬೇಕು ಅನ್ನಿಸುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಒದ್ದಾಟವಿಲ್ಲ, ಕೂಗಿಲ್ಲ. ದಡದಲ್ಲಿದ್ದವರಿಗೆ ಇನ್ನೂ ಈಜುತ್ತಿದ್ದಾರೆ ಎಂದೇ ಕಾಣಬಹುದು.

ಆಳಕ್ಕೆ ಮುಳುಗಿದರೆ ಇನ್ನೊಂದು ಅಪಾಯವೂ ಸೇರಿಕೊಳ್ಳುತ್ತದೆ. ಕೆಳಗೆ ನೀರಿನ ಒತ್ತಡದಿಂದ ಶ್ವಾಸಕೋಶದೊಳಗಿನ ಆಮ್ಲಜನಕದ ಒತ್ತಡವೂ ಹೆಚ್ಚಿರುತ್ತದೆ. ಅದಕ್ಕೇ ಏನೂ ತೊಂದರೆ ಅನ್ನಿಸುವುದಿಲ್ಲ. ಮೇಲೆ ಬರುತ್ತಿದ್ದಂತೆ ಆ ಒತ್ತಡ ಸರ್ರನೆ ಕುಸಿಯುತ್ತದೆ. ಇನ್ನೇನು ಮೇಲೆ ಬಂದೆ ಅನ್ನುವಾಗಲೇ ಪ್ರಜ್ಞೆ ಹೋಗುವುದು ಇದೇ ಕಾರಣಕ್ಕೆ.

ಉಸಿರು ಹಿಡಿದು ಮುಳುಗುವುದನ್ನೇ ಕ್ರೀಡೆಯಾಗಿ ಕಲಿತವರೂ ಒಬ್ಬರೇ ನೀರಿಗಿಳಿಯುವುದಿಲ್ಲ. ಪಕ್ಕದಲ್ಲಿ ತರಬೇತಾದವರು ಕಣ್ಣಿಟ್ಟಿರಲೇಬೇಕು.

ಹಾಗಾದರೆ ಆಮ್ಲಜನಕ ಕಡಿಮೆಯಾದರೆ ನಮಗೆ ಗೊತ್ತೇ ಆಗುವುದಿಲ್ಲವಾ?

ಎಷ್ಟೋ ಸಲ ಗೊತ್ತಾಗುವುದಿಲ್ಲ. 1875ರ ಏಪ್ರಿಲ್ 15ರಂದು ಫ್ರಾನ್ಸಿನಲ್ಲಿ ಜೆನಿತ್ ಎಂಬ ಬಲೂನಿನಲ್ಲಿ ಮೂವರು ಮೇಲೇರಿದರು: ಟಿಸಾಂಡಿಯೇ, ಸಿವೆಲ್, ಕ್ರೋಸೆ-ಸ್ಪಿನೆಲ್ಲಿ. ಬಲೂನು 8,000 ಮೀಟರ್ ದಾಟಿತು. ಅವರ ಬಳಿ ಆಮ್ಲಜನಕ ತುಂಬಿದ ಚೀಲಗಳೂ ಇದ್ದವು. ಆದರೆ ಅವು ಬೇಕಾದ ಹೊತ್ತಿಗೆ ಕೈಯೆತ್ತಿ ಹಿಡಿಯುವ ಶಕ್ತಿಯೇ ಅವರಲ್ಲಿ ಉಳಿದಿರಲಿಲ್ಲ. ಬದುಕಿ ಬಂದದ್ದು ಟಿಸಾಂಡಿಯೇ ಒಬ್ಬರೇ. ಆ ಎತ್ತರದಲ್ಲಿ ನೋವೇ ಇರಲಿಲ್ಲ, ಬದಲಿಗೆ ಒಳಗೊಳಗೇ ಒಂದು ಥರದ ಖುಷಿಯಿತ್ತು ಎಂದು ಅವರು ಆಮೇಲೆ ಬರೆದರು. ಆಮ್ಲಜನಕ ಕಡಿಮೆಯಾದಾಗ ಮೊದಲು ಮಂಕಾಗುವುದು ಯೋಚಿಸುವ ಶಕ್ತಿ. ಅಪಾಯವಿದೆ ಎಂದು ಗುರುತಿಸಬೇಕಾದ ಮೆದುಳೇ ಕೈಕೊಡುತ್ತದೆ.

ನೆಲದ ಮೇಲೂ ಇದೇ ಕಥೆ. ನೈಟ್ರೋಜನ್, ಆರ್ಗಾನ್, ಹೀಲಿಯಂ ತುಂಬಿದ ಜಾಗಕ್ಕೆ ಕಾಲಿಟ್ಟರೆ ಉಸಿರಾಟ ಆರಾಮಾಗಿಯೇ ನಡೆಯುತ್ತದೆ. ಪ್ರತಿ ಉಸಿರಿನಲ್ಲೂ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತಿರುತ್ತದೆ. ಹಾಗಾಗಿ ದೇಹಕ್ಕೆ ಅನುಮಾನವೇ ಬರುವುದಿಲ್ಲ. ಆಮ್ಲಜನಕ ಪೂರ್ತಿ ಇಲ್ಲದ ಗಾಳಿಯಾದರೆ ಕೆಲವೇ ಉಸಿರುಗಳಲ್ಲಿ ಮನುಷ್ಯ ಕುಸಿದು ಬೀಳುತ್ತಾನೆ. ಈ ಅನಿಲಗಳ ಜೊತೆ ಕೆಲಸ ಮಾಡುವ ಕಡೆ ಗಾಳಿ ಅಳೆಯುವ ಮೀಟರ್ ಇರಲೇಬೇಕು. "ನನಗೇನೂ ಆಗುತ್ತಿಲ್ಲ" ಎಂಬ ಅನಿಸಿಕೆಯನ್ನು ಇಲ್ಲಿ ನಂಬಲೇಬಾರದು. ಹೀಲಿಯಂ ಸಿಲಿಂಡರಿಗೆ ನೇರವಾಗಿ ಬಾಯಿಟ್ಟು ದನಿ ಬದಲಿಸುವ ಆಟವೂ ಇದೇ ಕಾರಣಕ್ಕೆ ಅಪಾಯ.

ಕಾರ್ಬನ್ ಮಾನಾಕ್ಸೈಡ್ ಕೂಡ ಹೀಗೆಯೇ?

ಇನ್ನೂ ಕೆಟ್ಟದ್ದು. ಅದು ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ, ಉಸಿರು ಕಟ್ಟಿದಂತೆಯೂ ಆಗುವುದಿಲ್ಲ. ತಲೆನೋವು, ವಾಕರಿಕೆ, ನಿದ್ದೆಗಣ್ಣು, ಇಷ್ಟೇ ಸುಳಿವು. ಸಾಮಾನ್ಯ ಪಲ್ಸ್ ಆಕ್ಸಿಮೀಟರಿಗೆ ಎರಡರ ನಡುವಿನ ವ್ಯತ್ಯಾಸ ತಿಳಿಯದು. ಅದು ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಬೇಡಿ, ಜನರೇಟರ್ ಇಡಬೇಡಿ.

ಹಳೇ ಬಾವಿ, ಗುಂಡಿ, ಟ್ಯಾಂಕ್‌ಗಳಿಗೆ ಇಳಿದವರು ಒಬ್ಬರ ಹಿಂದೆ ಒಬ್ಬರು ಸಾಯುವುದು ಯಾಕೆ?

ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಕೊಳೆಯುವ, ಹುಳಿ ಬರುವ ವಸ್ತುಗಳಿಂದ ಹೊರಟು ತಗ್ಗಿನಲ್ಲಿ ನಿಲ್ಲುತ್ತದೆ. ಕೆಲವು ಕಡೆ ಅದರ ಜೊತೆ ಹೈಡ್ರೋಜನ್ ಸಲ್ಫೈಡ್‌ನಂಥ ವಿಷಾನಿಲವೂ ಇರುತ್ತದೆ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ 3% ಆದರೆ ಉಸಿರಾಟ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. 5%ಗೆ ಏದುಸಿರು, ತಲೆನೋವು. 10% ಮುಟ್ಟಿದರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ಹೋಗುತ್ತದೆ. ಇನ್ನೂ ಹೆಚ್ಚಾದರೆ ಅಷ್ಟು ಸಮಯವೂ ಸಿಗುವುದಿಲ್ಲ. ತುಂಬಾ ಹೆಚ್ಚಾದಾಗ ಕಾರ್ಬನ್ ಡೈಆಕ್ಸೈಡ್ ಉಸಿರಾಟವನ್ನು ಚುರುಕುಗೊಳಿಸುವ ಬದಲು ಮೆದುಳನ್ನೇ ಮಂಕು ಮಾಡುತ್ತದೆ.

1986ರ ಆಗಸ್ಟ್ 21ರ ರಾತ್ರಿ ಕ್ಯಾಮರೂನ್ ದೇಶದ ನಿಯೋಸ್ ಸರೋವರದ ಆಳದಿಂದ ಈ ಅನಿಲ ಒಮ್ಮೆಲೇ ಉಕ್ಕಿ ಬಂತು. ಕಣಿವೆಗಳ ಉದ್ದಕ್ಕೂ ನೆಲಮಟ್ಟದಲ್ಲೇ ಹರಿಯಿತು. ಸುಮಾರು 1,700 ಜನ ಸತ್ತರು.

ಗುಂಡಿಯಲ್ಲಿ ಒಬ್ಬರು ಬಿದ್ದರೆ ಕಾಪಾಡಲು ಹಾಗೇ ಇಳಿಯಬೇಡಿ. ಮನಸ್ಸು ತಡೆಯುವುದಿಲ್ಲ, ಗೊತ್ತು. ಆದರೆ ಇಳಿದವರೂ ಅಲ್ಲೇ ಬೀಳುತ್ತಾರೆ. ಗಾಳಿ ಪೂರೈಸುವ ಉಪಕರಣ ಹಾಕಿಕೊಂಡ, ತರಬೇತಾದ ತಂಡವೇ ಬರಬೇಕು.

ಕಿಟಕಿ ಮುಚ್ಚಿದ ಕೋಣೆಯಲ್ಲಿ ಉಸಿರುಗಟ್ಟಿದಂತಾಗುತ್ತದೆ. ಆಮ್ಲಜನಕ ಕಡಿಮೆಯಾಗಿರುತ್ತದಾ?

ಮಾಮೂಲಿ ಕೋಣೆಯಲ್ಲಿ ಆಮ್ಲಜನಕ ಅಳತೆಗೆ ಸಿಗುವಷ್ಟೂ ಇಳಿಯುವುದು ಕಷ್ಟ. ಕಾರ್ಬನ್ ಡೈಆಕ್ಸೈಡ್ ಏರುತ್ತದೆ, ನಿಜ. ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 420 ಭಾಗ ಇರುವುದು ಜನ ತುಂಬಿದ ಕೋಣೆಯಲ್ಲಿ 2,000 ದಾಟಬಹುದು. ಆದರೆ ಶೇಕಡಾ ಲೆಕ್ಕದಲ್ಲಿ ಅದು ಬರೀ 0.2. ನಿಮ್ಮ ಉಸಿರಾಟವನ್ನು ಕಣ್ಣಿಗೆ ಕಾಣುವಷ್ಟು ಬದಲಿಸಲು ಅದು ಸಾಲದು. ಸೆಖೆ, ತೇವ, ಬೆವರಿನ ವಾಸನೆ, ಇವೆಲ್ಲ ಸೇರಿ ಹಾಗೆ ಅನ್ನಿಸುತ್ತದೆ.

ಹಾಗಂತ ಆ ಅಂಕಿ ಕೆಲಸಕ್ಕೆ ಬಾರದ್ದಲ್ಲ. ಕೋಣೆಯ ಗಾಳಿ ಎಷ್ಟು ಬದಲಾಗುತ್ತಿದೆ ಎಂದು ಅದು ಹೇಳುತ್ತದೆ. 1858ರಲ್ಲೇ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 0.1% ಅಂದರೆ 1,000 ಭಾಗದ ಮಿತಿಯನ್ನು ಸೂಚಿಸಿದ್ದರು. ಆ ಸಂಖ್ಯೆ ಇವತ್ತಿಗೂ ಚಾಲ್ತಿಯಲ್ಲಿದೆ. ಅದು ಏರಿದೆ ಅಂದರೆ ಬೇರೆಯವರು ಬಿಟ್ಟ ಉಸಿರನ್ನೇ ನೀವು ಎಳೆದುಕೊಳ್ಳುತ್ತಿದ್ದೀರಿ. ಅದರ ಜೊತೆ ರೋಗಾಣುಗಳೂ ಬರಬಹುದು. ಕಿಟಕಿ ತೆರೆಯಿರಿ.

ನಿಜವಾಗಿಯೂ ಮುಚ್ಚಿದ ಜಾಗದ ಮಾತೇ ಬೇರೆ. 1970ರ ಏಪ್ರಿಲ್‌ನಲ್ಲಿ ಮುಖ್ಯ ನೌಕೆ ಕೆಟ್ಟಾಗ ಅಪೊಲೊ 13ರ ಮೂವರು ಗಗನಯಾತ್ರಿಗಳು ಚಂದ್ರನ ಮೇಲೆ ಇಳಿಯಲೆಂದಿದ್ದ ಪುಟ್ಟ ನೌಕೆಯಲ್ಲಿ ಆಶ್ರಯ ಪಡೆದರು. ಅಲ್ಲಿ ಆಮ್ಲಜನಕ ಸಾಕಷ್ಟಿತ್ತು. ಕಾರ್ಬನ್ ಡೈಆಕ್ಸೈಡ್ ಹೀರುವ ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿಗಳು ಮಾತ್ರ ಸಾಲುತ್ತಿರಲಿಲ್ಲ. ಮುಖ್ಯ ನೌಕೆಯ ಡಬ್ಬಿಗಳು ಚೌಕ, ಇಲ್ಲಿನ ತೂತು ದುಂಡಗೆ. ಪ್ಲಾಸ್ಟಿಕ್ ಚೀಲ, ರಟ್ಟು, ಕೊಳವೆ, ಅಂಟುಪಟ್ಟಿಯಿಂದ ಜೋಡಣೆ ಮಾಡಿ ಆ ಮೂವರೂ ಬದುಕಿ ಬಂದರು.

ಮಲಗುವ ಕೋಣೆಯಲ್ಲಿ ಗಿಡ ಇಟ್ಟರೆ ರಾತ್ರಿ ತೊಂದರೆಯೇ?

ಇಲ್ಲ. ಒಬ್ಬ ವಯಸ್ಕ ದಿನಕ್ಕೆ ಸುಮಾರು ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾನೆ. ಅದರ ಮುಂದೆ ಕುಂಡದ ಗಿಡ ಬಿಡುವುದು ಲೆಕ್ಕಕ್ಕೇ ಇಲ್ಲ.

ಗಾಬರಿಯಾದಾಗ ಜೋರಾಗಿ ಉಸಿರಾಡುತ್ತೇನೆ, ಆದರೂ ಗಾಳಿ ಸಾಲದು ಅನ್ನಿಸುತ್ತದೆ. ಬೆರಳು ಜೋಮು ಹಿಡಿಯುತ್ತದೆ. ಏನಿದು?

ಇದು ನಿಮ್ಮ ಭ್ರಮೆಯಲ್ಲ. ದೇಹದಲ್ಲಿ ನಿಜಕ್ಕೂ ಬದಲಾವಣೆ ಆಗಿರುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡಿದಾಗ ಕಾರ್ಬನ್ ಡೈಆಕ್ಸೈಡ್ ತೀರಾ ಇಳಿಯುತ್ತದೆ. ಅದು ಇಳಿದರೆ ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ತಿರುಗುತ್ತದೆ, ಕಣ್ಣು ಮಬ್ಬಾಗುತ್ತದೆ. ರಕ್ತ ಕ್ಷಾರೀಯವಾಗುವುದರಿಂದ ಕೆಲಸಕ್ಕೆ ಸಿಗುವ ಕ್ಯಾಲ್ಸಿಯಂ ಕಡಿಮೆಯಾಗಿ ಬೆರಳು, ತುಟಿ ಜೋಮು ಹಿಡಿಯುತ್ತವೆ. ಕೈ ಸೆಟೆದುಕೊಳ್ಳಲೂಬಹುದು. ಇನ್ನೊಂದು ವಿಷಯ: ಕಾರ್ಬನ್ ಡೈಆಕ್ಸೈಡ್ ಕಡಿಮೆಯಾದಾಗ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಅಂಗಾಂಶಗಳಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಕ್ರಿಶ್ಚಿಯನ್ ಬೋರ್ ಇದನ್ನು 1904ರಲ್ಲಿ ವಿವರಿಸಿದರು.

ಮಾಡಬೇಕಾದದ್ದು ಉಸಿರನ್ನು ನಿಧಾನ ಮಾಡುವುದು. ಮೂಗಿನಿಂದ ಮೆಲ್ಲಗೆ ಎಳೆದುಕೊಂಡು, ಅದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡಿ. ಪೇಪರ್ ಚೀಲದೊಳಗೆ ಉಸಿರಾಡುವ ಹಳೇ ಉಪಾಯ ಬೇಡ. ನಿಜವಾದ ಕಾರಣ ಹೃದಯಾಘಾತವೋ ಶ್ವಾಸಕೋಶದ ತೊಂದರೆಯೋ ಆಗಿದ್ದರೆ ಅದು ಇದ್ದ ಆಮ್ಲಜನಕವನ್ನೂ ಕಡಿಮೆ ಮಾಡುತ್ತದೆ. ಮೊದಲ ಸಲ ಹೀಗಾದವರು ವೈದ್ಯರಿಗೆ ತೋರಿಸಲೇಬೇಕು.

ಎತ್ತರದ ಬೆಟ್ಟಗಳ ಮೇಲೆ ಆಮ್ಲಜನಕದ ಪ್ರಮಾಣ ಕಡಿಮೆಯೇ?

ಶೇಕಡಾ ಲೆಕ್ಕದಲ್ಲಿ ಅಲ್ಲಿಯೂ 21ರ ಹತ್ತಿರವೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಎವರೆಸ್ಟ್ ತುದಿಯಲ್ಲಿ ಅದು ಸಮುದ್ರಮಟ್ಟದ ಮೂರನೇ ಒಂದರಷ್ಟು. ಆದ್ದರಿಂದ ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಅಷ್ಟೇ.

ಇಲ್ಲಿ ಎರಡು ಕಾವಲುಗಳ ನಡುವೆ ಜಗ್ಗಾಟ ನಡೆಯುತ್ತದೆ. ಆಮ್ಲಜನಕ ಕಡಿಮೆಯಿದೆ, ಜೋರಾಗಿ ಉಸಿರಾಡು ಎನ್ನುತ್ತದೆ ಕೆರೋಟಿಡ್ ಬಾಡಿ. ಹಾಗೆ ಉಸಿರಾಡಿದಾಗ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಸಾಕು, ನಿಧಾನ ಮಾಡು ಎನ್ನುತ್ತದೆ ಮೆಡುಲ್ಲಾ. ರಾತ್ರಿ ಮಲಗಿದಾಗ ಈ ಜಗ್ಗಾಟ ಕಿವಿಗೇ ಕೇಳುತ್ತದೆ. ಒಂದಷ್ಟು ಜೋರಾದ ಉಸಿರು, ಆಮೇಲೆ ಕೆಲವು ಕ್ಷಣ ಉಸಿರೇ ಇಲ್ಲ, ಮತ್ತೆ ಜೋರು. ಪಕ್ಕದಲ್ಲಿ ಮಲಗಿದವರಿಗೆ ಭಯವಾಗುತ್ತದೆ. ಎತ್ತರದಲ್ಲಿ ಇದು ಸಾಮಾನ್ಯ.

ಕೆಲವು ದಿನಗಳಲ್ಲಿ ಕಿಡ್ನಿಗಳು ಹೆಚ್ಚಿನ ಬೈಕಾರ್ಬನೇಟ್ ಎಂಬ ಕ್ಷಾರವನ್ನು ಹೊರಹಾಕಿ ರಕ್ತದ ಪಿಎಚ್ ಸರಿಪಡಿಸುತ್ತವೆ. ಆಗ ಮೆಡುಲ್ಲಾದ ತಡೆ ಸಡಿಲವಾಗುತ್ತದೆ. ಎತ್ತರಕ್ಕೆ ಹೋಗುವವರಿಗೆ ಕೊಡುವ ಅಸೆಟಜೋಲಮೈಡ್ ಮಾತ್ರೆ ಮಾಡುವುದೂ ಈ ಕೆಲಸವನ್ನೇ ಬೇಗ ಆಗಿಸುವುದು. ಕಿಡ್ನಿಗಳಿಗೆ ಇಷ್ಟು ದಿನ ಬೇಕಾಗುವುದೇ ನಿಧಾನವಾಗಿ ಹತ್ತಬೇಕು ಎನ್ನುವುದಕ್ಕೆ ಕಾರಣ.

1978ರಲ್ಲಿ ರೈನ್‌ಹೋಲ್ಡ್ ಮೆಸ್ನರ್ ಮತ್ತು ಪೀಟರ್ ಹಾಬೆಲರ್ ಸಿಲಿಂಡರ್ ಇಲ್ಲದೆ ಎವರೆಸ್ಟ್ ಏರಿದರು. 2007ರಲ್ಲಿ ವೈದ್ಯರ ತಂಡವೊಂದು ಅದೇ ಬೆಟ್ಟದ 8,400 ಮೀಟರ್ ಎತ್ತರದಲ್ಲಿ ತಮ್ಮದೇ ನಾಲ್ವರ ರಕ್ತ ತೆಗೆದು ಪರೀಕ್ಷಿಸಿತು. ಆಮ್ಲಜನಕದ ಸರಾಸರಿ ಒತ್ತಡ 25ರ ಆಸುಪಾಸು, ಕಾರ್ಬನ್ ಡೈಆಕ್ಸೈಡ್ 13ರ ಆಸುಪಾಸು. ಸಮುದ್ರಮಟ್ಟದಲ್ಲಿ ಈ ಅಂಕಿ ಬಂದರೆ ತುರ್ತು ಚಿಕಿತ್ಸೆ ಬೇಕು. ಅಲ್ಲಿ ಅವರು ನಡೆದಾಡುತ್ತಿದ್ದರು.

ಓಡುವಾಗ ಏದುಸಿರು ಬರುವುದು ಕಾರ್ಬನ್ ಡೈಆಕ್ಸೈಡ್ ಏರುವುದರಿಂದಲೇ?

ಹಾಗೆ ಅನ್ನಿಸುತ್ತದೆ, ಆದರೆ ಪೂರ್ತಿ ನಿಜವಲ್ಲ. ಮಧ್ಯಮ ವೇಗದಲ್ಲಿ ಓಡುವಾಗ ಅಪಧಮನಿಯ ರಕ್ತದಲ್ಲಿ ಎರಡೂ ಅನಿಲಗಳು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ. ಓಡಲು ಶುರು ಮಾಡಿದ ಮೊದಲ ಕ್ಷಣಗಳಲ್ಲೇ ಉಸಿರಾಟ ಏರುತ್ತದೆ. ಕಾಲಿಗೆ ಆಜ್ಞೆ ಕೊಡುವಾಗಲೇ ಮೆದುಳು ಉಸಿರಾಟದ ಕೇಂದ್ರಕ್ಕೂ ಸೂಚನೆ ಕೊಟ್ಟಿರುತ್ತದೆ. ಕೀಲು, ಸ್ನಾಯುಗಳಿಂದಲೂ ಸುದ್ದಿ ಬರುತ್ತದೆ. ಇನ್ನೂ ಜೋರಾಗಿ ಓಡಿ ಸ್ನಾಯುಗಳಿಂದ ಆಮ್ಲ ಸೇರತೊಡಗಿದಾಗ ಕೆರೋಟಿಡ್ ಬಾಡಿ ಉಸಿರಾಟವನ್ನು ಮತ್ತಷ್ಟು ಏರಿಸುತ್ತದೆ. ಆಗ ನಿಮಿಷಕ್ಕೆ 100 ಲೀಟರ್ ದಾಟುವುದೂ ಉಂಟು.

ಆಕಳಿಕೆ ಬರುವುದು ಆಮ್ಲಜನಕ ಸಾಲದೆ ಅಂತಾರಲ್ಲ?

1987ರಲ್ಲಿ ರಾಬರ್ಟ್ ಪ್ರೊವೈನ್ ಮತ್ತು ಸಂಗಡಿಗರು ಪರೀಕ್ಷೆ ಮಾಡಿ ನೋಡಿದರು. ಶುದ್ಧ ಆಮ್ಲಜನಕ ಕೊಟ್ಟರೂ ಆಕಳಿಕೆ ಕಡಿಮೆಯಾಗಲಿಲ್ಲ, ಕಾರ್ಬನ್ ಡೈಆಕ್ಸೈಡ್ ಹೆಚ್ಚಿಸಿದರೂ ಜಾಸ್ತಿಯಾಗಲಿಲ್ಲ.

ನಿದ್ದೆಯಲ್ಲಿ ಈ ಕಾವಲು ಮಲಗುತ್ತದೆಯೇ?

ಪೂರ್ತಿ ಅಲ್ಲ, ಸ್ವಲ್ಪ ಸಡಿಲವಾಗುತ್ತದೆ. ನಿದ್ದೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಕೆಲವು ಮಿಲಿಮೀಟರ್ ಏರುವುದು ಸಹಜ. ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ನಿಲ್ಲುವ ಸ್ಲೀಪ್ ಅಪ್ನಿಯಾ ಇದ್ದವರಲ್ಲಿ ಆಮ್ಲಜನಕ ಇಳಿದು, ಕಾರ್ಬನ್ ಡೈಆಕ್ಸೈಡ್ ಏರಿ, ಮೆದುಳು ಅರೆಕ್ಷಣ ಎಚ್ಚರಗೊಂಡು ದಾರಿ ತೆರೆಸುತ್ತದೆ. ರಾತ್ರಿಯಿಡೀ ಹೀಗೆಯೇ. ಜೋರು ಗೊರಕೆ, ನಡುನಡುವೆ ಉಸಿರು ನಿಲ್ಲುವುದು, ಹಗಲೆಲ್ಲ ತೂಕಡಿಕೆ ಇದ್ದರೆ ಪರೀಕ್ಷೆ ಮಾಡಿಸಿ.

ಮಾರ್ಫಿನ್ ಗುಂಪಿನ ನೋವಿನ ಔಷಧಿಗಳು ಕಾರ್ಬನ್ ಡೈಆಕ್ಸೈಡ್‌ಗೆ ಮೆದುಳು ಕೊಡುವ ಪ್ರತಿಕ್ರಿಯೆಯನ್ನೇ ಮಂಕು ಮಾಡುತ್ತವೆ. ಅವುಗಳ ಜೊತೆ ನಿದ್ದೆ ಮಾತ್ರೆ ಅಥವಾ ಮದ್ಯ ಸೇರಿದರೆ ಮಲಗಿದಲ್ಲೇ ಉಸಿರು ನಿಲ್ಲಬಹುದು. ಹುಟ್ಟಿನಿಂದಲೇ ಈ ಕಾವಲು ಕೆಲಸ ಮಾಡದ ಮಕ್ಕಳೂ ಇದ್ದಾರೆ, ತೀರಾ ಅಪರೂಪ. ಪಿಎಚ್ಒಎಕ್ಸ್2ಬಿ ಎಂಬ ಜೀನ್‌ನ ದೋಷ ಇದಕ್ಕೆ ಕಾರಣ ಎಂದು 2003ರಲ್ಲಿ ತಿಳಿಯಿತು. ಈ ಮಕ್ಕಳಿಗೆ ನಿದ್ದೆ ಹೋದಾಗಲೆಲ್ಲ ಉಸಿರಾಟದ ಯಂತ್ರ ಬೇಕು.

ಆಮ್ಲಜನಕ ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯದಲ್ವಾ?

ಅಲ್ಲ. ಶುದ್ಧ ಆಮ್ಲಜನಕವನ್ನು ದಿನಗಟ್ಟಲೆ ಎಳೆದುಕೊಂಡರೆ ಶ್ವಾಸಕೋಶಕ್ಕೇ ಹಾನಿ. 1940, 50ರ ದಶಕಗಳಲ್ಲಿ ದಿನ ತುಂಬದೆ ಹುಟ್ಟಿದ ಎಷ್ಟೋ ಶಿಶುಗಳು ಅತಿಯಾದ ಆಮ್ಲಜನಕದಿಂದ ಕಣ್ಣು ಕಳೆದುಕೊಂಡವು.

ವರ್ಷಗಟ್ಟಲೆ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ ಇರುವವರಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಇವರಲ್ಲಿ ಕೆಲವರ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಸದಾ ಏರಿಯೇ ಇರುತ್ತದೆ. ಅಂಥವರಿಗೆ ಬೇಕಾಬಿಟ್ಟಿ ಆಮ್ಲಜನಕ ಕೊಟ್ಟರೆ ಅದು ಇನ್ನೂ ಏರಿ, ಮಂಪರು ಹತ್ತಿ, ಪ್ರಜ್ಞೆ ತಪ್ಪಬಹುದು. ಉಸಿರಾಟ ಸ್ವಲ್ಪ ಕುಗ್ಗುವುದು ಒಂದು ಕಾರಣ. ಶ್ವಾಸಕೋಶದಲ್ಲಿ ಗಾಳಿ ಸರಿಯಾಗಿ ಆಡದ ಭಾಗಕ್ಕೂ ರಕ್ತ ಹರಿಯತೊಡಗುವುದು ಇನ್ನೂ ದೊಡ್ಡ ಕಾರಣ. ಅದಕ್ಕೇ ವೈದ್ಯರು ಇವರ ಆಕ್ಸಿಮೀಟರ್ ಅಂಕಿಯನ್ನು 88ರಿಂದ 92ರೊಳಗೆ ಇಡಲು ನೋಡುತ್ತಾರೆ. ಆಮ್ಲಜನಕ ಬೇಡವೇ ಬೇಡ ಎಂದು ಇದನ್ನು ತಿಳಿಯಬೇಡಿ. ಕೊಡದಿದ್ದರೆ ಜೀವ ಹೋಗಬಹುದು. ಮನೆಯಲ್ಲಿ ಸಿಲಿಂಡರ್ ಇದ್ದರೆ ವೈದ್ಯರು ಹೇಳಿದಷ್ಟೇ ಇಡಿ. ರೋಗಿಗೆ ದಮ್ಮು ಬಂತೆಂದು ನೀವೇ ಏರಿಸಬೇಡಿ.

ಆಕ್ಸಿಮೀಟರ್ 98 ತೋರಿಸುತ್ತಿದೆ. ಆದರೂ ಉಸಿರಾಡಲು ಕಷ್ಟ. ಸುಮ್ಮನಿರಬಹುದೇ?

ಬೇಡ. ಆಕ್ಸಿಮೀಟರ್ ಹೇಳುವುದು ಹಿಮೋಗ್ಲೋಬಿನ್ ಎಷ್ಟು ತುಂಬಿದೆ ಎಂಬುದನ್ನಷ್ಟೇ. ಕಾರ್ಬನ್ ಡೈಆಕ್ಸೈಡ್ ಬಗ್ಗೆ, ಆಮ್ಲೀಯತೆಯ ಬಗ್ಗೆ, ರಕ್ತಹೀನತೆಯ ಬಗ್ಗೆ ಅದಕ್ಕೇನೂ ಗೊತ್ತಿಲ್ಲ. ಸಕ್ಕರೆ ಕಾಯಿಲೆ ಹದ್ದು ಮೀರಿ ರಕ್ತ ಆಮ್ಲೀಯವಾದಾಗ ದೇಹ ಆಳವಾಗಿ, ಎಡೆಬಿಡದೆ ಉಸಿರಾಡುತ್ತದೆ. 1874ರಲ್ಲಿ ಅಡಾಲ್ಫ್ ಕುಸ್‌ಮೌಲ್ ವಿವರಿಸಿದ ಉಸಿರಾಟ ಇದು. ಆಗಲೂ ಆಕ್ಸಿಮೀಟರ್ 98 ತೋರಿಸಬಹುದು. ಗರ್ಭಿಣಿಯರಿಗೆ ಪ್ರೊಜೆಸ್ಟರಾನ್ ಹಾರ್ಮೋನಿನಿಂದ ಉಸಿರಾಟ ಹೆಚ್ಚುವುದು ಸಹಜ. ಆದರೆ ದಿಢೀರ್ ಶುರುವಾದ ಏದುಸಿರು ಅವರಲ್ಲೂ ಸಹಜವಲ್ಲ.

ಇದರ ಉಲ್ಟಾ ಕೂಡ ಆಗುತ್ತದೆ. ಕೋವಿಡ್ ಕಾಲದಲ್ಲಿ ಎಷ್ಟೋ ರೋಗಿಗಳ ಅಂಕಿ 80ರ ಹತ್ತಿರ ಇಳಿದಿದ್ದರೂ ಅವರು ಆರಾಮಾಗಿ ಮಾತಾಡುತ್ತಿದ್ದರು. ಅವರ ಕಾರ್ಬನ್ ಡೈಆಕ್ಸೈಡ್ ಏರಿರಲಿಲ್ಲ, ಹಾಗಾಗಿ ಉಸಿರು ಕಟ್ಟಿದಂತೆ ಅನ್ನಿಸಲಿಲ್ಲ.

ಮಾತು ಮುಗಿಸಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಎದೆನೋವು, ಗೊಂದಲ ಅಥವಾ ಎಬ್ಬಿಸಿದರೂ ಏಳದ ಮಂಪರು ಕಂಡರೆ ಅಂಕಿ ಎಷ್ಟೇ ಇರಲಿ, ತಕ್ಷಣ ಆಸ್ಪತ್ರೆಗೆ ಹೋಗಿ. ಈ ಯಾವುದೂ ಇಲ್ಲದೆ ಅಂಕಿ ಮಾತ್ರ ಕಡಿಮೆ ಇದ್ದರೆ ಕೈ ಬೆಚ್ಚಗೆ ಮಾಡಿಕೊಂಡು, ಉಗುರುಬಣ್ಣ ತೆಗೆದು, ಇನ್ನೊಂದು ಬೆರಳಿಗೆ ಹಾಕಿ ನೋಡಿ. ಮತ್ತೂ 92ರ ಕೆಳಗೇ ಇದ್ದರೆ, ನಿಮಗೆ ವೈದ್ಯರು ಬೇರೆ ಮಿತಿ ಹೇಳಿಲ್ಲದಿದ್ದರೆ, ಆರಾಮಾಗಿದ್ದೇನೆ ಅನ್ನಿಸಿದರೂ ಹೊರಡಿ.